ಅಧಿಕ ಶ್ರಾವಣದಲ್ಲಿ ಧಾರಣೆ-ಪಾರಣೆ: ನನ್ನ ಅನುಭವ

2023ರಲ್ಲಿ ಶ್ರಾವಣ ಎರಡು ಸಲ ಬಂತು. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ, ಮರುದಿನದಿಂದ ನಿಜ ಶ್ರಾವಣ. ಚಾಂದ್ರಮಾನದ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷಕ್ಕಿಂತ ಹೀಗೆ ಹನ್ನೊಂದು ದಿನಗಳಷ್ಟು ಕಡಿಮೆ ಬೀಳುವ ಲೆಕ್ಕ ಎರಡೂವರೆ ವರ್ಷಕ್ಕೂ ಸ್ವಲ್ಪ ಮೇಲ್ಪಟ್ಟ ಅವಧಿಯಲ್ಲಿ ಒಂದು ತಿಂಗಳಿನಷ್ಟಾದಾಗ, ಸೂರ್ಯಸಂಕ್ರಮಣವೇ ಇಲ್ಲದ ಚಾಂದ್ರಮಾಸವೊಂದು ಬರುತ್ತದೆ. ಆ ವರ್ಷ ಸೂರ್ಯನು ಆಷಾಢದ ಅಮಾವಾಸ್ಯೆ ಮುಗಿಯುವ ಮೊದಲೇ ಕರ್ಕಾಟಕಕ್ಕೆ ಬಂದು, ಸಿಂಹಕ್ಕೆ ದಾಟಿದ್ದು ಆಗಸ್ಟ್ 17ರಂದು. ನಡುವಿನ ತಿಂಗಳು ಸಂಕ್ರಮಣವಿಲ್ಲದ್ದು. ಮದುವೆ, ಮುಂಜಿವೆ, ಗೃಹಪ್ರವೇಶಗಳಿಗೆ ಬಾರದ ಈ ಮಾಸಕ್ಕೆ ಪುರುಷೋತ್ತಮನೇ ಒಡೆಯನಾದನೆಂಬ ನಂಬಿಕೆಯಿಂದ ಜಪ, ಉಪವಾಸ, ದಾನಗಳಿಗೆ ಇದನ್ನು ಮೀಸಲಿಡುತ್ತೇವೆ.

ರಾಯಚೂರಿನ ನಮ್ಮ ಮನೆಯಲ್ಲಿ ಅಧಿಕ ಮಾಸವೆಂದರೆ ಯಾರು ಯಾವ ನಿಯಮ ಹಿಡಿಯಬೇಕೆಂಬ ಮಾತು ಆಷಾಢದಲ್ಲೇ ಆರಂಭವಾಗುತ್ತದೆ. ನಕ್ತ (ರಾತ್ರಿ ಮಾತ್ರ ಊಟ), ಏಕಭುಕ್ತ (ದಿನಕ್ಕೊಂದೇ ಊಟ), ಮೌನಭೋಜನ, ಅಖಂಡ ದೀಪ, ಉಪ್ಪಿಲ್ಲದ ಊಟ ಎಂದು ಆಯ್ಕೆಗಳು ಬಹಳ. 'ಅಧಿಕಸ್ಯ ಅಧಿಕಂ ಫಲಂ' ಎಂಬ ಮಾತನ್ನು ಹಿಡಿದುಕೊಂಡು ನಾಲ್ಕೈದು ನಿಯಮಗಳನ್ನು ಒಟ್ಟಿಗೆ ಸಂಕಲ್ಪ ಮಾಡುವವರನ್ನು ನೋಡಿದ್ದೇನೆ. ಹುಣ್ಣಿಮೆ ಬರುವಷ್ಟರಲ್ಲಿ ಅವುಗಳಲ್ಲಿ ಎಷ್ಟು ಉಳಿದಿರುತ್ತವೆ ಎಂಬುದು ಅವರಿಗೇ ಗೊತ್ತು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರು ಉಪವಾಸದ ಗೊಡವೆಗೆ ಹೋಗದೆ ಅಖಂಡ ದೀಪದ ಹೊಣೆ ಹೊತ್ತರು. ನಾನು ಧಾರಣೆ-ಪಾರಣೆಯೊಂದನ್ನೇ ಹಿಡಿದೆ: ಒಂದು ದಿನ ಉಪವಾಸ, ಮರುದಿನ ಊಟ, ಹೀಗೆ ಮಾಸಪೂರ್ತಿ. ಹೈಸ್ಕೂಲಿನಲ್ಲಿ ದಿನವಿಡೀ ನಿಂತು ಪಾಠ ಹೇಳುವವಳಾದ್ದರಿಂದ ಧಾರಣೆಯ ಹಗಲಿಗೆ ನೀರು, ರಾತ್ರಿಗೆ ದೇವರಿಗೆ ತೋರಿಸಿದ ಹಾಲು ಮತ್ತು ಹಣ್ಣು ಎಂದು ಸಂಕಲ್ಪದಲ್ಲಿಯೇ ಹೇಳಿಕೊಂಡೆ. ಏಕಾದಶಿಗೆ ಮಾತ್ರ ಹಾಲೂ ಇಲ್ಲ, ಹಣ್ಣೂ ಇಲ್ಲ.

ಈ ವ್ರತದಲ್ಲಿ ಪಂಚಾಂಗವನ್ನು ಮೊದಲೇ ತೆರೆದು ಕೂರುವುದು ಅಗತ್ಯ. ಮೊದಲ ದಿನವೇ ಧಾರಣೆ ಎಂದಿಟ್ಟುಕೊಂಡರೆ ಜುಲೈ 28ರ ದಶಮಿಗೆ ಧಾರಣೆ, 29ರ ಏಕಾದಶಿಗೆ ಪಾರಣೆ ಬೀಳುತ್ತಿತ್ತು. ಏಕಾದಶಿಯಂದು ಊಟವಿಲ್ಲ, ದ್ವಾದಶಿಯಂದು ಪಾರಣೆ ತಪ್ಪಿಸುವಂತಿಲ್ಲ. ಅತ್ತೆಯವರನ್ನು ಕೇಳಿದಾಗ, ಏಕಾದಶಿಯ ಬೆಳಿಗ್ಗೆ ತೀರ್ಥ ತೆಗೆದುಕೊಂಡರೆ ಧಾರಣೆಯ ಪಾರಣೆ ಅದರಲ್ಲೇ ಆಯಿತೆಂದು ತಿಳಿದು ಏಕಾದಶಿ ಮಾಡಬೇಕು, ದ್ವಾದಶಿ ಊಟ ಮುಗಿಸಿ ಮರುದಿನದಿಂದ ಮತ್ತೆ ಸರದಿ ಹಿಡಿಯಬೇಕು ಎಂದರು. ಹಾಗೆ ಮಾಡಿದ್ದರಿಂದ ಎರಡು ದಿನ ಸತತವಾಗಿ ಉಪವಾಸ ಬಿತ್ತಾದರೂ, ಸರದಿ ಬದಲಾಗಿ ಆಗಸ್ಟ್ 12ರ ಎರಡನೆಯ ಏಕಾದಶಿ ತಾನಾಗಿಯೇ ಧಾರಣೆಯ ದಿನಕ್ಕೆ ಬಂದು ಕೂತಿತು. ಇದನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರೆ ನಡುವಿನಲ್ಲಿ ಗೊಂದಲವಾಗುವುದಿಲ್ಲ.

ಹಸಿವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಧಾರಣೆಯ ದಿನ ಹಸಿವು ಮಧ್ಯಾಹ್ನದ ಬಿಡುವಿನ ಹೊತ್ತಿಗೆ, ಸಹೋದ್ಯೋಗಿಗಳ ಡಬ್ಬಿಗಳು ತೆರೆದುಕೊಳ್ಳುವಾಗ, ಒಮ್ಮೆ ಜೋರಾಗಿ ಬಂದು ಮುಂದಿನ ತರಗತಿ ಆರಂಭವಾದೊಡನೆ ಇಳಿಯುತ್ತದೆ. ತಲೆನೋವು ಬರುವುದು ಹಸಿವಿನಿಂದಲ್ಲ, ಚಹಾ ಬಿಟ್ಟದ್ದರಿಂದ. ಅದಕ್ಕಾಗಿ ಆಷಾಢದಲ್ಲಿಯೇ ಅರ್ಧ ಲೋಟಕ್ಕೆ ಇಳಿಸಿಕೊಂಡು, ಮಾಸ ಹುಟ್ಟುವ ಮೊದಲೇ ನಿಲ್ಲಿಸಿದ್ದೆ. ನನ್ನ ಮಟ್ಟಿಗೆ ಕಠಿಣವಾದದ್ದು ಪಾರಣೆಯ ದಿನವೇ. ನಸುಕಿನಲ್ಲಿ ಎದ್ದು, ಸ್ನಾನ ಮಾಡಿ, ಮಡಿಯಲ್ಲಿ ಅಡುಗೆ ಇಳಿಸಿ, ಪೂಜೆ ನೈವೇದ್ಯ ಮುಗಿಸಿ, ಶಾಲೆಗೆ ಹೊರಡುವ ಮೊದಲು ಎಲೆಯ ಮುಂದೆ ಕೂತರೆ ಕೈ ತಾನಾಗಿಯೇ ಎರಡು ದಿನದ ಊಟವನ್ನು ಒಂದೇ ಸಲಕ್ಕೆ ಕಲಸಲು ಹೋಗುತ್ತದೆ. ಹಾಗೆ ಉಂಡರೆ ಮರುದಿನದ ಧಾರಣೆ ಭಾರವಾಗುತ್ತದೆ, ಜಪಕ್ಕೆ ಕೂತರೆ ತೂಕಡಿಕೆ ಬರುತ್ತದೆ. ಚಾತುರ್ಮಾಸ್ಯದ ಕಟ್ಟುಪಾಡಿನಿಂದ ನಮ್ಮ ಅಡುಗೆಯಲ್ಲಿ ಹುಣಸೆಹಣ್ಣಾಗಲಿ ಮೆಣಸಿನಕಾಯಿಯಾಗಲಿ ಇರಲಿಲ್ಲವಾದ್ದರಿಂದ ಹೆಸರುಬೇಳೆ ತೊವ್ವೆ, ಮೆಣಸು-ಜೀರಿಗೆಯ ಸಾರು, ಅನ್ನ, ತುಪ್ಪ ಇಷ್ಟೇ. ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲವೆಂಬುದನ್ನು ನಾನಾಗಿ ಸೇರಿಸಿಕೊಂಡೆ. ವ್ರತದ ಕಷ್ಟವೆಲ್ಲ ಉಪವಾಸದಲ್ಲಿದೆ ಎನ್ನುವವರು ಧಾರಣೆಯನ್ನಷ್ಟೇ ಲೆಕ್ಕ ಹಿಡಿದು ಪಾರಣೆಯನ್ನು ಮರೆತವರು.

ನದೀಸ್ನಾನ ನಮ್ಮ ಜಿಲ್ಲೆಯವರಿಗೆ ದೂರದ್ದಲ್ಲ; ದೇವಸೂಗೂರಿನಲ್ಲಿ ಕೃಷ್ಣೆ, ರಾಘವೇಂದ್ರ ರಾಯರು ಶಿಷ್ಯ ಅಪ್ಪಣ್ಣಾಚಾರ್ಯರ ಜೊತೆ ಇದ್ದ ಬಿಚ್ಚಾಲಿಯಲ್ಲಿ ತುಂಗಭದ್ರೆ. ಆದರೆ ಮಳೆಗಾಲದ ಹೊಳೆಯನ್ನು, ಅದರಲ್ಲೂ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಡುವ ದಿನಗಳಲ್ಲಿ, ಪುಣ್ಯದ ಆಸೆಗೆ ಇಳಿಯಬಾರದು. ನಾನು ಮನೆಯಲ್ಲೇ ಗಂಗೆಯನ್ನು ಸ್ಮರಿಸಿ ಸ್ನಾನ ಮಾಡಿದೆ. ಸಂಜೆ ದೀಪದ ಮುಂದೆ ಗೀತೆಯ ಹದಿನೈದನೆಯ ಅಧ್ಯಾಯ: ಹೆಸರೇ ಪುರುಷೋತ್ತಮಯೋಗ, ಇರುವುದು 20 ಶ್ಲೋಕ, ದಣಿದ ದಿನವೂ ಓದಿ ಮುಗಿಸಬಹುದು. ಅತ್ತೆಯವರು ಮಾನವಿಯ ಜಗನ್ನಾಥದಾಸರ ಹರಿಕಥಾಮೃತಸಾರವನ್ನು ದಿನಕ್ಕೊಂದು ಸಂಧಿಯಂತೆ ಹೇಳಿಕೊಳ್ಳುತ್ತಿದ್ದರು.

ಇನ್ನು ಅಪೂಪದಾನ, ಅಂದರೆ ಕರಿದ ಸಿಹಿಭಕ್ಷ್ಯದ ದಾನ. ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಪ್ರಜಾಪತಿ ಮತ್ತು ವಷಟ್ಕಾರ ಸೇರಿ ಮೂವತ್ತಮೂರು ದೇವತೆಗಳನ್ನು ಸ್ಮರಿಸಿ, ಮೂವತ್ತಮೂರು ಅಪೂಪಗಳನ್ನು ಕಂಚಿನ ಪಾತ್ರೆಯಲ್ಲಿಟ್ಟು ಕೊಡುವುದು ಈ ಮಾಸದ ಮುಖ್ಯ ದಾನ. ನಮ್ಮ ಕಡೆ ಅಳಿಯನನ್ನು ವಿಷ್ಣುಸ್ವರೂಪನೆಂದು ಭಾವಿಸಿ ಕೊಡುತ್ತಾರೆ. ಅಪೂಪವೆಂದು ನಮ್ಮಲ್ಲಿ ಅನಾರಸವನ್ನೇ ಮಾಡುವುದು. ಅಕ್ಕಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಬೇಕು. ಪೂರ್ತಿ ಒಣಗಬಾರದು, ಮುಷ್ಟಿಯಲ್ಲಿ ಹಿಡಿದರೆ ಅಂಗೈಗೆ ತಂಪು ತಾಗಬೇಕು. ಆಗ ಬೀಸಿ, ಜರಡಿ ಹಿಡಿದು, ಹೆರೆದ ಬೆಲ್ಲ ಮತ್ತು ಒಂದು ಚಮಚ ತುಪ್ಪ ಹಾಕಿ ನಾದಿ, ಮುಚ್ಚಿದ ಡಬ್ಬಿಯಲ್ಲಿ ಮೂರು ನಾಲ್ಕು ದಿನ ಇಡಬೇಕು. ಮಳೆಗಾಲದ ಹವೆಯಲ್ಲಿ ಬೆಲ್ಲ ಹೆಚ್ಚು ನೀರು ಬಿಡುತ್ತದೆ. ಒಂದನ್ನು ಕರಿದು ನೋಡೋಣವೆಂದು ನಾನು ಡಬ್ಬಿ ತೆರೆಯಲು ಹೋದಾಗ ಅತ್ತೆಯವರು, "ತಡಿಯವ್ವ, ಹಿಟ್ಟು ಹದಕ್ಕ ಬರಲಿ. ಅವಸರ ಮಾಡಿದ್ರ ತುಪ್ಪದಾಗ ಒಡದು ಹೋಗ್ತದ" ಎಂದು ತಡೆದರು.

ಕರಿಯುವಾಗ ಹಿಟ್ಟನ್ನು ಗಸಗಸೆಯ ಮೇಲೆ ಬೆರಳ ತುದಿಯಿಂದ ತಟ್ಟಿ, ಗಸಗಸೆಯ ಮುಖ ಮೇಲಾಗುವಂತೆ ಸಣ್ಣ ಉರಿಯ ತುಪ್ಪದಲ್ಲಿ ಬಿಡುತ್ತೇವೆ. ತಿರುವಿ ಹಾಕುವುದಿಲ್ಲ, ಸೌಟಿನಿಂದ ಬಿಸಿ ತುಪ್ಪವನ್ನು ಮೇಲೆ ಹನಿಸುತ್ತ ಹೋದಂತೆ ಅಂಚು ಕೆಂಪಾಗಿ ನಡುವೆ ಜಾಳಿಗೆ ಬಿಡುತ್ತದೆ. ಆ ರಂಧ್ರಗಳು ಎಷ್ಟಿವೆಯೋ ಅಷ್ಟು ಸಾವಿರ ವರ್ಷ ಪುಣ್ಯಲೋಕವೆಂದು ಹಿರಿಯರು ಹೇಳುತ್ತಾರೆ. ಪುಣ್ಯದ ಲೆಕ್ಕ ದೇವರಿಗೆ ಬಿಟ್ಟದ್ದು, ಆದರೆ ಜಾಳಿಗೆ ಬಿಡದ ಅನಾರಸ ತಿನ್ನಲೂ ಚೆನ್ನಾಗಿರುವುದಿಲ್ಲ.

ಆಗಸ್ಟ್ 13ರ ದ್ವಾದಶಿ ಭಾನುವಾರವಾದ್ದರಿಂದ ಮಗಳು, ಅಳಿಯಂದಿರು ಸಿಂಧನೂರಿನಿಂದ ಹಿಂದಿನ ರಾತ್ರಿಯೇ ಬಂದಿದ್ದರು. ಈಗೀಗ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಡುವ ರೂಢಿ ಬೆಳೆದಿದೆ. ಕಂಚಿನ ಬೆಲೆ ನೋಡಿದರೆ ಅವರನ್ನು ದೂರಲಾಗದು. ಆದರೂ ಪಾತ್ರೆಯೂ ದಾನದ ಭಾಗವೇ ಆದ್ದರಿಂದ, ಸಣ್ಣದಾದರೂ ಕಂಚಿನದೇ ಇರಲಿ ಎಂಬುದು ನನ್ನ ಅಭಿಪ್ರಾಯ. ದೇವತೆಗಳ ಹೆಸರು ಒಂದೊಂದಾಗಿ ಹೇಳಿ, ವಸ್ತ್ರ ದಕ್ಷಿಣೆಗಳೊಡನೆ ಕೊಟ್ಟು ಕೃಷ್ಣಾರ್ಪಣ ಎಂದೆವು. ಕಾಲು ತೊಳೆಸಿಕೊಳ್ಳಲು ಅಳಿಯಂದಿರು ಬಹಳ ಸಂಕೋಚಪಟ್ಟರು.

ಅಮಾವಾಸ್ಯೆಯ ಧಾರಣೆ ಮುಗಿದು ಕೊನೆಯ ಪಾರಣೆ ಆಗಸ್ಟ್ 17ಕ್ಕೆ, ಅಂದರೆ ನಿಜ ಶ್ರಾವಣದ ಮೊದಲ ದಿನಕ್ಕೆ ಬಂತು. 21ಕ್ಕೆ ನಾಗರ ಪಂಚಮಿ, 25ಕ್ಕೆ ವರಮಹಾಲಕ್ಷ್ಮಿ, ಹುಣ್ಣಿಮೆ ಕಳೆದೊಡನೆ ರಾಯರ ಆರಾಧನೆ. ಅಧಿಕ ಮಾಸದಲ್ಲಿ ಮೈ ಪೂರ್ತಿ ಸೋತಿದ್ದರೆ ಇವು ಯಾವುದನ್ನೂ ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ಶ್ರಾವಣ ಅಧಿಕವಾದಾಗ ನಿಯಮವನ್ನು ಒಂದಕ್ಕೇ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. 2026ರ ಅಧಿಕ ಜ್ಯೇಷ್ಠದ ಮಾತು ಬೇರೆ: ಅದು ಮೇ 17ರಿಂದ ಜೂನ್ 15ರವರೆಗೆ ಬರುವಂಥದ್ದು, ಆರಂಭದಲ್ಲಿ ಶಾಲೆಗೆ ರಜೆಯಿದ್ದರೂ ರಾಯಚೂರಿನ ಆ ಬಿಸಿಲಿಗೆ ಧಾರಣೆ-ಪಾರಣೆ ಸಲ್ಲದು. ಅಂಥ ಮಾಸಕ್ಕೆ ಏಕಭುಕ್ತ, ಎರಡು ಏಕಾದಶಿ, ಅಪೂಪದ ಜೊತೆಗೆ ನೀರು ತುಂಬಿದ ಕೊಡದ ದಾನ ಇಷ್ಟು ಸಾಕೆಂದು ನಾನೂ ಅತ್ತೆಯವರೂ ಮಾತಾಡಿಕೊಂಡಿದ್ದೇವೆ.