ಬೇಸಿಗೆಯ ವಾಲೈ ಮೀನಿಗೆ ಜಿಗ್ಗಿಂಗ್ ಸ್ಪೂನ್

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಜುಲೈ ಬಂತೆಂದರೆ ವಾಲೈ ಎಂಬ ಸಿಹಿನೀರಿನ ಮೀನುಗಳಲ್ಲಿ ಬಹಳಷ್ಟು ದಡ ಬಿಟ್ಟು ಆಳಕ್ಕೆ ಇಳಿಯುತ್ತವೆ. ಅವುಗಳ ಕಣ್ಣು ಮಬ್ಬು ಬೆಳಕಿಗೆ ಹೇಳಿ ಮಾಡಿಸಿದ್ದು, ಬಿಸಿಲು ಹಿಡಿಸುವುದಿಲ್ಲ. ಮಿಲ್ ಲ್ಯಾಕ್ಸ್‌ನಂಥ ದೊಡ್ಡ ಸರೋವರದಲ್ಲಿ ನೀರೊಳಗಿನ ದಿಬ್ಬಗಳ ಅಂಚಿನಲ್ಲಿ, 20–30 ಅಡಿ ಆಳದಲ್ಲಿ ಹುಡುಕಿ. ಸೋನಾರ್‌ನಲ್ಲಿ (ಶಬ್ದದ ಅಲೆಯಿಂದ ನೀರೊಳಗಿನದನ್ನು ತೋರಿಸುವ ಯಂತ್ರ) ಮೀನು ಕಾಣದೆ ಗಾಳ ಬಿಡುವುದು ದಂಡ.

ಜಿಗಣೆ, ಎರೆಹುಳು ಕಟ್ಟಿ ಕಾಯುವವರು ಕಾಯಲಿ. ಅರ್ಧ ಔನ್ಸಿನ ಜಿಗ್ಗಿಂಗ್ ಸ್ಪೂನ್, ಅಂದರೆ ಎತ್ತಿ ಇಳಿಸಿ ಆಡಿಸುವ ಲೋಹದ ಹುಸಿ ಎರೆ, ಸರ್ರನೆ ತಳ ಮುಟ್ಟುತ್ತದೆ. ಆಮೇಲೆ ರಾಡನ್ನು ಒಂದೆರಡು ಅಡಿ ಚಕ್ಕನೆ ಮೇಲೆತ್ತಿ, ಸ್ಪೂನ್ ಬೀಳುವ ವೇಗದಲ್ಲೇ ತುದಿಯನ್ನು ಕೆಳಗಿಳಿಸಿ. ದಾರ ತೀರಾ ಸಡಿಲವಾದರೆ ಕಚ್ಚಿದ್ದು ಗೊತ್ತಾಗುವುದಿಲ್ಲ. ತೀರಾ ಬಿಗಿಯಾದರೆ ಸ್ಪೂನ್ ಹೊರಳಾಡುವುದಿಲ್ಲ. ಮೀನು ಹೆಚ್ಚಾಗಿ ಕಚ್ಚುವುದು ಅದು ಬೀಳುವಾಗಲೇ. ಮತ್ತೆ ಎತ್ತುವಾಗ ಭಾರ ಅನ್ನಿಸಿತೋ, ಯೋಚಿಸಬೇಡಿ, ಎಳೆಯಿರಿ.

ಸ್ಪೂನ್‌ಗಿಂತ ಮೇಲೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಇಲ್ಲದಿದ್ದರೆ ದಾರ ಹುರಿಗೊಂಡು ಪ್ರಾಣ ತಿನ್ನುತ್ತದೆ.

ಇನ್ನೊಂದು ಮಾತು: 30 ಅಡಿಗಿಂತ ಆಳದಿಂದ ಎತ್ತಿದ ಮೀನಿನ ಗಾಳಿಚೀಲ ಉಬ್ಬಿರುತ್ತದೆ, ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಸಾರಿಗೆ ಬೇಕಾದಷ್ಟು ಸಿಕ್ಕಿದ ಮೇಲೆ ಅಷ್ಟು ಆಳಕ್ಕೆ ಗಾಳ ಬಿಡಬೇಡಿ. ಮಿಲ್ ಲ್ಯಾಕ್ಸ್‌ನಲ್ಲಿ ಎಷ್ಟು ಮೀನು, ಯಾವ ಅಳತೆಯದು ಇಟ್ಟುಕೊಳ್ಳಬಹುದು ಎಂಬ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ಮುಂಚೆ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಪ್ರಕಟಣೆ ನೋಡಿಕೊಳ್ಳಿ.