ಕೊಡಗಿನ ತೇವದಲ್ಲಿ ಉಣ್ಣೆ ಸ್ವೆಟರ್ ಒಗೆದು ಒಣಗಿಸುವ ಬಗೆ

ಮಡಿಕೇರಿ ಕಡೆ ಕೈಹೆಣಿಗೆಯ ಸ್ವೆಟರ್ ಒಗೆಯಬೇಕಾದರೆ ಮೊದಲು ಹವೆ ನೋಡಬೇಕು. ನಾನು ಒಗೆಯುವುದು ಕಾಫಿ ಕುಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಫೆಬ್ರವರಿಯ ಒಣ ದಿನಗಳಲ್ಲಿ. ಆಗ ದಪ್ಪನೆಯ ಸ್ವೆಟರ್ ಕೂಡ ಒಂದೂವರೆ ಎರಡು ದಿನದಲ್ಲಿ ಒಣಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಹಾಕುವುದೇ ಇಲ್ಲ. ಉಣ್ಣೆ ತನ್ನ ಒಣ ತೂಕದ ಮೂರನೇ ಒಂದರಷ್ಟು ತೇವವನ್ನು ಕೈಗೆ ಒದ್ದೆ ಅನ್ನಿಸದಂತೆ ಹಿಡಿದಿಟ್ಟುಕೊಳ್ಳಬಲ್ಲದು. ಮಳೆಗಾಲದ ಗಾಳಿಯಲ್ಲಿ ಆ ತೇವ ಬಿಡುವುದಿಲ್ಲ, ಮೂರನೇ ದಿನಕ್ಕೆ ಮುಗ್ಗಲು ವಾಸನೆ ಶುರುವಾಗುತ್ತದೆ.

ಒಗೆಯುವ ಮೊದಲು ಅದು ನಿಜಕ್ಕೂ ಉಣ್ಣೆಯೋ ಅಲ್ಲವೋ ತಿಳಿದುಕೊಳ್ಳಿ. ಚಳಿಗಾಲದಲ್ಲಿ ಮಾರಾಟಕ್ಕೆ ಬರುವ ಅಗ್ಗದ ಸ್ವೆಟರ್‌ಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಒಳಹೊಲಿಗೆಯಿಂದ ಒಂದು ಎಳೆ ತೆಗೆದು ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್‌ಗೆ ಒಗೆತದ ಭಯ ಕಡಿಮೆ, ಇಸ್ತ್ರಿಯ ಭಯ ಜಾಸ್ತಿ: ಬಿಸಿ ಹಬೆ ತಗುಲಿದರೆ ಹೆಣಿಗೆ ಸಡಿಲಾಗಿ ಜೋತುಬೀಳುತ್ತದೆ, ಮತ್ತೆ ಸರಿಯಾಗದು.

ಒಣ ಸ್ವೆಟರನ್ನು ಮೇಜಿನ ಮೇಲೆ ಹರಡಿ ಎದೆಯ ಅಗಲ, ಉದ್ದ, ತೋಳಿನ ಉದ್ದ ಈ ಮೂರನ್ನು ಟೇಪಿನಲ್ಲಿ ಅಳೆದು ಬರೆದಿಡಿ. ಒದ್ದೆ ಸ್ವೆಟರ್ ಎಳೆದ ಕಡೆಗೆಲ್ಲ ಬರುವುದರಿಂದ ಈ ಅಳತೆ ಇಲ್ಲದೆ ಒಣಹಾಕುವುದು ಬರೀ ಅಂದಾಜಿನ ಕೆಲಸ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯನ್ನು ಒಳಹೊಲಿಗೆಗೆ ಒತ್ತಿ ಹಿಡಿದು ನೋಡಿ.

ಈಗ ನೀರು. ಸ್ವೆಟರ್ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುವುದಕ್ಕೆ ಕಾರಣ ಉಣ್ಣೆಯ ಎಳೆಯ ಮೇಲಿರುವ ಸಣ್ಣ ಹುರುಪೆಗಳು. ಬಿಸಿ ಮತ್ತು ಕ್ಷಾರಕ್ಕೆ ಅವು ತೆರೆದುಕೊಳ್ಳುತ್ತವೆ, ಉಜ್ಜಿದರೆ ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಹಾಗೆ ಬಿಗಿದದ್ದನ್ನು ಪೂರ್ತಿ ಬಿಡಿಸಲು ಆಗುವುದಿಲ್ಲ. ನಮ್ಮಲ್ಲಿ ಬಚ್ಚಲ ಹಂಡೆಯ ನೀರಿನಲ್ಲಿ ನೆನೆಸಿ, ಐಸಿನಂಥ ನಲ್ಲಿ ನೀರಿನಲ್ಲಿ ಜಾಲಿಸುವ ರೂಢಿ ಇದೆ. ಬೇಡ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೂರು ಬಕೆಟ್ ಒಂದೇ ಹದಕ್ಕೆ ಮೊದಲೇ ಸಿದ್ಧ ಮಾಡಿಕೊಳ್ಳಿ, ಸುಮಾರು 30 ಡಿಗ್ರಿ. ಕೈಗೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬಿಳಿ ಉಣ್ಣೆ ಹಳದಿಯಾಗುತ್ತದೆ, ಅದಕ್ಕೆ ಬಾವಿ ನೀರೇ ಲೇಸು.

ಬಟ್ಟೆ ಸೋಪು, ವಾಷಿಂಗ್ ಸೋಡಾ ಎರಡೂ ಕ್ಷಾರ. ಹಲವು ಪುಡಿಗಳಲ್ಲಿರುವ ಕಿಣ್ವಗಳು ಪ್ರೋಟೀನ್ ಕಲೆ ಕರಗಿಸುವಂಥವು, ಉಣ್ಣೆಯೂ ಪ್ರೋಟೀನೇ. ಉಣ್ಣೆಗೆಂದೇ ಬರುವ ದ್ರವ ಹತ್ತು ಲೀಟರಿಗೆ ಎರಡು ಚಮಚ ಸಾಕು. ನನಗೆ ಹೆಚ್ಚು ಇಷ್ಟ ಅಂಟುವಾಳ: ಬೀಜ ತೆಗೆದ ಎಂಟು ಹತ್ತು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಹದಿನೈದು ನಿಮಿಷ ಕುದಿಸಿ, ಆರಿಸಿ, ಸೋಸಿ ಬಕೆಟ್‌ಗೆ ಬೆರೆಸಬೇಕು. ರಸ ಕಂದು ಬಣ್ಣದ್ದು, ಆದ್ದರಿಂದ ಅಚ್ಚ ಬಿಳಿಯದಕ್ಕೆ ಬಳಸುವುದಿಲ್ಲ.

ಸ್ವೆಟರನ್ನು ಒಳಮೈ ಹೊರಗೆ ಮಾಡಿ ಮುಳುಗಿಸಿ, ಹತ್ತು ನಿಮಿಷ ಬಿಟ್ಟು, ಅಂಗೈಯಿಂದ ಒತ್ತಿ ಬಿಡಿ, ಒತ್ತಿ ಬಿಡಿ. ಕುತ್ತಿಗೆ, ಕಂಕುಳಿಗೂ ಅಷ್ಟೇ, ಉಜ್ಜಬೇಡಿ. ಎತ್ತುವಾಗ ಭುಜ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಅರ್ಧ ಗೇಣು ಉದ್ದ ಬರುತ್ತದೆ. ಎರಡೂ ಕೈ ಅಡಿಗೆ ಕೊಟ್ಟು ಮುದ್ದೆಯಾಗಿ ಎತ್ತಿ. ಉಳಿದೆರಡು ಬಕೆಟ್‌ನಲ್ಲಿ ಜಾಲಿಸಿ. ಸೋಪು ಹಾಕಿ ಒಗೆದು ಒರಟಾದ ಹಳೆಯ ಸ್ವೆಟರ್ ಆದರೆ ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕುತ್ತೇನೆ, ಉಳಿದ ಕ್ಷಾರ ಹೋಗಿ ಮೆತ್ತಗಾಗುತ್ತದೆ.

ಹಿಂಡಬಾರದು. ದಪ್ಪ ಟರ್ಕಿ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತುವ ಹಾಗೆ ಸುತ್ತಿ, ಮೊಣಕಾಲೂರಿ ಒತ್ತಬೇಕು. ಎರಡನೇ ಒಣ ಟವೆಲ್‌ನಲ್ಲಿ ಇನ್ನೊಮ್ಮೆ. ಸೆಮಿ ಆಟೋಮ್ಯಾಟಿಕ್ ಮೆಷಿನ್ ಇದ್ದವರು ದಿಂಬಿನ ಕವರಿನಲ್ಲಿ ಹಾಕಿ ಸ್ಪಿನ್‌ನಲ್ಲಿ ಅರ್ಧ ನಿಮಿಷ ತಿರುಗಿಸಬಹುದು. ಅಲ್ಲಿ ಉಜ್ಜಾಟ ಇಲ್ಲದ್ದರಿಂದ ಉಣ್ಣೆ ಗಟ್ಟಿಯಾಗುವುದಿಲ್ಲ, ಒಣಗುವ ಸಮಯ ಬಹಳ ಉಳಿಯುತ್ತದೆ.

ಒಣಗಿಸಲು ನೈಲಾನ್ ಪಟ್ಟಿಯ ಮಡಿಚುವ ಮಂಚಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಮೇಲೆ ಹಳೆಯ ಸೊಳ್ಳೆಪರದೆ ಬಿಗಿದು ಕಟ್ಟಿ, ಸ್ವೆಟರನ್ನು ಬರೆದಿಟ್ಟ ಅಳತೆಗೆ ಹೊಂದಿಸಿ ಹರಡಿ. ಸೊಂಟ, ಮುಂಗೈಯ ಪಟ್ಟಿಗಳನ್ನು ಬೆರಳಿನಿಂದ ಒಳಕ್ಕೆ ತಳ್ಳಿ, ಹೆಣಿಗೆಯ ಉದ್ದುದ್ದ ಏಣುಗಳು ಒಂದಕ್ಕೊಂದು ತಾಗುವಂತೆ ಕೂಡಿಸಿಡಿ. ಅಗಲವಾಗಿ ಒಣಗಿದ ಪಟ್ಟಿ ಆಮೇಲೆ ಮೈ ಹಿಡಿಯುವುದಿಲ್ಲ. ಗುಂಡುಪಿನ್ ಚುಚ್ಚುವುದಾದರೆ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಬೇರೆಯದು ತುಕ್ಕಿನ ಕಲೆ ಬಿಡುತ್ತದೆ. ಮಂಚ ಜಗಲಿಯ ನೆರಳಿನಲ್ಲಿರಲಿ, ನೇರ ಬಿಸಿಲಿಗೆ ಬಿಳಿ ಉಣ್ಣೆ ಹಳದಿಯಾಗುತ್ತದೆ. ಅರ್ಧ ಒಣಗಿದ ಮೇಲೆ ಮಗುಚಿ ಹಾಕಿ.

ಮಳೆಗಾಲದಲ್ಲಿ ಅಡುಗೆಮನೆಯ ಒಲೆಯ ಮೇಲೆ ನೇತುಹಾಕಿದರೆ ಹೊಗೆ ವಾಸನೆ ಹಿಡಿಯುವುದಷ್ಟೇ ಅಲ್ಲ, ಆಕಾರವೂ ಕೆಡುತ್ತದೆ. ಆಗ ಕಲೆ ಇದ್ದಲ್ಲಿ ಮಾತ್ರ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಫ್ಯಾನಿನ ಕೆಳಗೆ ಒಂದು ರಾತ್ರಿ ಹರಡಿದರೆ ಸಾಕು. ಉಣ್ಣೆಗೆ ಬೆವರಿನ ವಾಸನೆ ಬೇಗ ಹಿಡಿಯುವುದಿಲ್ಲ.

ಎತ್ತಿಡುವಾಗ ಕಂಕುಳು, ಪಟ್ಟಿ, ಹೊಲಿಗೆ ಮೂರು ಕಡೆ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗನಿಸಿದರೆ ಇನ್ನೂ ತೇವ ಇದೆ. ಪೂರ್ತಿ ಒಣಗಿದ ಮೇಲೆ ಹ್ಯಾಂಗರ್‌ಗೆ ಹಾಕದೆ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿಯಾಗಿ ಕೂರುವ ಪೆಟ್ಟಿಗೆಯಲ್ಲಿಡಿ. ಉಣ್ಣೆಹುಳುವಿನ ಮರಿಗಳಿಗೆ ಬೆವರು, ಸಾರಿನ ಕಲೆ ಇರುವ ಜಾಗವೇ ಹೆಚ್ಚು ಇಷ್ಟ. ಹಾಗಾಗಿ ಚಳಿಗಾಲದಲ್ಲಿ ಒಂದೇ ಸಲ ಹಾಕಿಕೊಂಡದ್ದಾದರೂ ಒಗೆಯದೆ ಪೆಟ್ಟಿಗೆಗೆ ಹಾಕಬೇಡಿ.