ಒಂದು ರೈಲನ್ನು ನಿಲ್ಲಿಸಿಬಿಟ್ಟೆ, ಲೆಕ್ಕ ಸಲೀಸಾಯಿತು

ಒಂದು ರೈಲು ಇನ್ನೊಂದನ್ನು ದಾಟಲು ಎಷ್ಟು ಹೊತ್ತು ಬೇಕು ಅಂತ ಪರೀಕ್ಷೆಗಳಲ್ಲಿ ಕೇಳುವ ರೈಲಿನ ಲೆಕ್ಕಕ್ಕೆ ಸೂತ್ರ ಬೇಡ ಅಂದಾಗ ಜೊತೆಗೆ ಓದುತ್ತಿದ್ದವರು ಯಾರೂ ಒಪ್ಪಲಿಲ್ಲ. ಪರೀಕ್ಷೆಯಲ್ಲಿ ಯೋಚನೆ ಮಾಡ್ತಾ ಕೂತರೆ ಟೈಮ್ ಎಲ್ಲಿ ಸಾಕಾಗುತ್ತದೆ ಅಂದರು. ಈಗ ಇಂಥ ಲೆಕ್ಕ ನನಗೆ ಹೆಚ್ಚುಕಡಿಮೆ ಅರ್ಧ ನಿಮಿಷದ ಕೆಲಸ. ಬಹಳ ಸಲ ಪೆನ್ನೂ ಬೇಕಾಗುವುದಿಲ್ಲ.

ಮೊದಲು ಶಾರ್ಟ್‌ಕಟ್ ಕೋರ್ಸ್ ಒಂದಕ್ಕೆ ದುಡ್ಡು ಸುರಿದೆ. ಹನ್ನೆರಡೋ ಹದಿನೈದೋ ಸೂತ್ರ ಕೊಟ್ಟರು. ಕಂಬಕ್ಕೊಂದು, ಪ್ಲಾಟ್‌ಫಾರಂಗೊಂದು, ಎದುರು ಬರುವ ರೈಲಿಗೊಂದು. ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದರೆ ಯಾವುದು ಹಾಕಬೇಕೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ದುಡ್ಡು ಕೊಟ್ಟು ಬರೆದ ಮಾಕ್ ಟೆಸ್ಟ್‌ಗಳಲ್ಲಿ ನೆಗೆಟಿವ್ ಅಂಕ ಜಾಸ್ತಿ ಬಿದ್ದದ್ದೂ ಇಲ್ಲೇ.

ಕೊನೆಗೆ ಕೈ ಹಿಡಿದದ್ದು ಇಷ್ಟೇ. ಒಂದು ರೈಲನ್ನು ಮನಸ್ಸಿನಲ್ಲೇ ನಿಲ್ಲಿಸಿ. ಎದುರುಬದುರಾಗಿದ್ದರೆ ಅದರ ವೇಗವನ್ನು ಇನ್ನೊಂದಕ್ಕೆ ಕೂಡಿಸಿ, ಒಂದೇ ದಿಕ್ಕಾದರೆ ಕಳೆಯಿರಿ. ಆಮೇಲೆ ಒಂದೇ ಪ್ರಶ್ನೆ: ನೋಡುತ್ತಿರುವುದು ಯಾರು?

150 ಮೀಟರ್ ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ, 200 ಮೀಟರಿನದು 54ರಲ್ಲಿ ಓಡುತ್ತಿವೆ ಅನ್ನಿ. ಸೆಕೆಂಡಿಗೆ 20 ಮತ್ತು 15 ಮೀಟರ್. (ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್, 36ಕ್ಕೆ 10 ಅಂತ ಮಗ್ಗಿ ಥರ ಬಾಯಿಗೆ ಬರಬೇಕು. ಪ್ರತಿ ಸಲ 5/18ರಿಂದ ಗುಣಿಸುವುದು ಸುಮ್ನೆ ಟೈಮ್ ವೇಸ್ಟ್.) ಪೂರ್ತಿ ದಾಟಲು ಎರಡೂ ರೈಲಿನ ಉದ್ದ ಸೇರಬೇಕು, 350 ಮೀಟರ್. ಎದುರುಬದುರಾದರೆ 350 ಭಾಗಿಸು 35, ಅಂದರೆ 10 ಸೆಕೆಂಡ್. ಒಂದೇ ದಿಕ್ಕಾದರೆ 350 ಭಾಗಿಸು 5, ಅಂದರೆ 70. ಆದರೆ ವೇಗದ ರೈಲಿನ ಕಿಟಕಿಯಲ್ಲಿ ಕೂತು ನೋಡುವವನಿಗೆ ತನ್ನ ರೈಲಿನ ಉದ್ದ ಲೆಕ್ಕಕ್ಕೇ ಬರುವುದಿಲ್ಲ. ಅವನಿಗೆ 200 ಭಾಗಿಸು 5, ಬರೀ 40 ಸೆಕೆಂಡ್. ಎಲ್ಲರೂ ಜಾರುವುದು ಇಲ್ಲೇ ಅಲ್ವಾ?

ಇದನ್ನು ನಿಜವಾದ ರೈಲಿನಲ್ಲೇ ನೋಡಿಬಿಡೋಣ ಅನ್ನಿಸಿತು. ಎದುರು ರೈಲು ದಾಟುವುದನ್ನು ಕಿಟಕಿಯಿಂದ ಫೋನಿನಲ್ಲಿ ವಿಡಿಯೋ ಮಾಡಿ, ನಿಧಾನಕ್ಕೆ ಓಡಿಸಿ ಬೋಗಿ ಎಣಿಸಿದೆ. 20 ಇದ್ದವು. ಬೋಗಿಗೆ 24 ಮೀಟರ್ ಅಂತ ಇಟ್ಟುಕೊಂಡರೆ 480 ಮೀಟರ್. ದಾಟಲು ಸುಮಾರು 10 ಸೆಕೆಂಡ್, ಅಂದರೆ ಸೆಕೆಂಡಿಗೆ 48 ಮೀಟರ್. ನಮ್ಮ ರೈಲು ಗಂಟೆಗೆ 90 ಕಿ.ಮೀ.ನಲ್ಲಿ ಇತ್ತು, ಅದು ಸೆಕೆಂಡಿಗೆ 25 ಮೀಟರ್. ಉಳಿದ 23 ಆ ರೈಲಿನದು, ಗಂಟೆಗೆ 83 ಕಿ.ಮೀ. ಹತ್ತಿರ. ಆ ಉತ್ತರ ಬಂದಾಗ ಆದ ಖುಷಿ ಅಷ್ಟಿಷ್ಟಲ್ಲ!

ಉದ್ದವೇ ಕೊಡದೆ ದಾಟುವ ಸಮಯ ಎದುರುಬದುರಾದರೆ 10, ಒಂದೇ ದಿಕ್ಕಾದರೆ 70 ಸೆಕೆಂಡ್ ಅಂತ ಮಾತ್ರ ಕೊಟ್ಟು ವೇಗದ ಅನುಪಾತ ಕೇಳಿದರೆ? ಕೂಡಿಸಿದರೆ 80, ಕಳೆದರೆ 60. ಉತ್ತರ 4:3. ಮೇಲಿನ 72 ಮತ್ತು 54 ಇದೇ ಅನುಪಾತದಲ್ಲಿವೆ, ನೋಡಿ. ಮೂರು ರೈಲಿನ ಲೆಕ್ಕಕ್ಕೂ ಒಂದು ಕೈಚಳಕ ಇಟ್ಟುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಒಂದೇ ಸಮಯಕ್ಕೆ ಎರಡು ಊರಿನಿಂದ ಎದುರುಬದುರಾಗಿ ಹೊರಟ ಎರಡು ರೈಲು, ಭೇಟಿಯಾದ ಮೇಲೆ ಎದುರಿನ ಊರು ಸೇರಲು 4 ಮತ್ತು 9 ಗಂಟೆ ತೆಗೆದುಕೊಂಡರೆ ವೇಗ 3:2, ಅಂದರೆ ಸಮಯಗಳ ವರ್ಗಮೂಲವನ್ನು ಅದಲುಬದಲು ಮಾಡಿದ್ದು. ಈ ವರ್ಗಮೂಲ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಎಳೆದು, ಅವು ಕೂಡುವ ಕಡೆ ಆಗುವ ತ್ರಿಕೋನಗಳನ್ನು ನೋಡಿ.